ಅಂಬುಜಾಕ್ಷಿ ಬಾಯಾರ ತೂಕ

"ತಿನ್ನೂದು ಅರ್ಧ ರೊಟ್ಟಿ, ಈ ಭಾರ ಎಲ್ಲಿಂದ ಬರತೈತೋ?" ಎಂದು ಬಾಳವ್ವ ಕೇಳಿದಳು. ನನ್ನನ್ನು ಕೇಳಿದ್ದಲ್ಲ, ನನ್ನ ಅಪ್ಪನನ್ನೂ ಅಲ್ಲ, ಹೊಳೆಯನ್ನೂ ಅಲ್ಲ. ಹರಿಗೋಲಿಗೆ ಕಾಲಿಡುವ ಮೊದಲು ನಮ್ಮೂರ ಹೆಂಗಸರು ಯಾರ ಮುಖವನ್ನೂ ನೋಡದೆ ಹೀಗೆ ಏನಾದರೊಂದು ಕೇಳಿಬಿಡುವುದು ರೂಢಿ. ಹಾಗೆ ಕೇಳಿದರೆ ಭಾರವೇನೂ ಇಳಿಯುವುದಿಲ್ಲ. ಆದರೂ ಕೇಳುತ್ತಾರೆ, ನೀರು ಮುಟ್ಟಿ ಕಣ್ಣಿಗೊತ್ತಿಕೊಂಡ ಹಾಗೆ. ನಾನು ಆಗ ಇನ್ನೂ ಹುಡುಗಿ. ಹುಟ್ಟು ಅಪ್ಪನ ಕೈಯಲ್ಲಿತ್ತು. ಊದಿದರೆ ಹಾರುವಂಥ ಸಣಕಲು ಬಾಳವ್ವ ಒಳಗೆ ಕುಳಿತದ್ದೇ ತಡ, ಹರಿಗೋಲು ಆ ಕಡೆಗೆ ಗೇಣುದ್ದ ಇಳಿಯಿತು. ಎದುರು ಕುಳಿತಿದ್ದ ಬೆಲ್ಲದ ವ್ಯಾಪಾರಿ, ಗುಡಾಣದಂಥ ಹೊಟ್ಟೆಯವನು, ಕುಳಿತಲ್ಲೇ ಮೇಲೆದ್ದ. "ಏ ಬಾಳವ್ವ, ನೀ ಕೂತರ ನಾ ಮುಗಿಲಿಗೆ ಹೊಕ್ಕೀನಲ್ಲಬೇ!" ಎಂದು ನಕ್ಕ. ಎಲ್ಲರೂ ನಕ್ಕರು, ಬಾಳವ್ವನೂ ನಕ್ಕಳು. ನಗದೆ ಇದ್ದವಳು ಒಬ್ಬಳೇ. ಕನ್ನಡಕ ಹಾಕಿದ್ದ, ತೂಕದ ಯಂತ್ರವೊಂದನ್ನು ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಮೊದಲ ಸಲ ನಮ್ಮೂರಿಗೆ ಬರುತ್ತಿದ್ದ ಹರೆಯದ ಹೆಂಗಸು. ಆಕೆ ಬಾಳವ್ವನನ್ನು ನೋಡಿದಳು, ನೀರನ್ನು ನೋಡಿದಳು, ಮತ್ತೆ ಬಾಳವ್ವನನ್ನು ನೋಡಿದಳು. ಮಹಾಮಂಗಳಾರತಿಯ ಹೊತ್ತಿನಲ್ಲಿ ದೇವರ ಮುಖ ನೋಡುವವರು ಹಾಗೆ ನೋಡುವುದನ್ನು ನಾನು ಕಂಡಿದ್ದೆ.

ನಮ್ಮೂರಲ್ಲಿ ಹೆಣ್ಣುಮಗಳು ಹೇಳದೆ ಒಳಗಿಟ್ಟುಕೊಂಡದ್ದು ಮೈಗೆ ತೂಕವಾಗಿ ಕೂಡುತ್ತಿತ್ತು. ಯಾರಾದರೂ ಕಿವಿಗೊಟ್ಟು ಪೂರ್ತಿ ಕೇಳಿದರೆ ಅದು ಕೇಳಿದವರ ಮೈಗೆ ಹೋಗುತ್ತಿತ್ತು. ಅಷ್ಟೇ. ಗಂಡಸರಿಗೆ ಯಾಕೆ ಕೂಡುವುದಿಲ್ಲ ಎಂದು ನಾನು ಅಜ್ಜನನ್ನು ಕೇಳಿದ್ದೆ. "ಅವರು ಇಟಗೊಂಡರಲ್ಲೇನು ಕೂಡೂದು?" ಎಂದಿದ್ದ. ಊರು ಇದಕ್ಕೆ ಹೊಂದಿಕೊಂಡೇ ಇತ್ತು. ಮನೆ ಕಟ್ಟುವಾಗ ಒಲೆಯ ಮುಂದೆ, ಹೆಂಗಸು ಕೂರುವ ಜಾಗದಲ್ಲಿ, ಚಪ್ಪಡಿಯ ಮೇಲೆ ಇನ್ನೊಂದು ಚಪ್ಪಡಿ ಹಾಸುತ್ತಿದ್ದರು. ಪಂಚಮಿಗೆ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದರೆ ಮದುವೆಯಾಗದವರಿಗೆ ಒಂದೆಳೆ ಹಗ್ಗ, ಆದವರಿಗೆ ಎರಡೆಳೆ. ಹಬ್ಬಕ್ಕೆ ಗಂಡನ ಮನೆಯಿಂದ ಬರುವ ಮಗಳನ್ನು ಎದುರುಗೊಳ್ಳಲು ತಾಯಂದಿರು ದಡದಲ್ಲಿ ನಿಂತಿರುತ್ತಿದ್ದರು. ಅವರ ಕಣ್ಣು ಮೊದಲು ಹೋಗುತ್ತಿದ್ದುದು ಮಗಳ ಮುಖಕ್ಕಲ್ಲ, ಹರಿಗೋಲು ಎಷ್ಟು ಇಳಿದಿದೆ ಎಂಬುದರ ಕಡೆಗೆ. "ರೀ, ಒಂದು ಮಾತು" ಎಂದು ಹೆಂಡತಿ ಬಾಯಿ ತೆರೆದರೆ ಗಂಡ ಹೆಗಲ ಟವೆಲ್ಲನ್ನು ಕಿವಿಯ ಮೇಲೆ ಸುತ್ತಿಕೊಳ್ಳುವುದು ತಪ್ಪೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಹೊಲಕ್ಕೆ ಹೋಗುವವನು, ಕಾಲು ಹೂತರೆ ಹೇಗೆ? ದವಾಖಾನೆಯ ಕಂಪೌಂಡರ್ ರಾಚಪ್ಪ ತಲೆ ಎತ್ತದೆಯೇ ಬಿಳಿ ಗುಳಿಗೆ ಎಣಿಸುತ್ತಿದ್ದ. "ಏನಾಗೇತಿ ಅಂತ ಕೇಳಿದರ ನನಗ ಬರತೈತಿ. ತಗೋ, ಹೊತ್ತಿಗೊಂದು ನುಂಗು" ಎನ್ನುತ್ತಿದ್ದ. ಹೊಟ್ಟೆನೋವಿಗೂ ಅದೇ, ತಲೆನೋವಿಗೂ ಅದೇ, ಹೆಸರಿಲ್ಲದ ನೋವಿಗೂ ಅದೇ ಗುಳಿಗೆ.

ನಮ್ಮದು ಅಂಬಿಗರ ಮನೆ. ಅಜ್ಜ ಕೈ ಸೋತ ಮೇಲೆ ಹುಟ್ಟನ್ನು ಅಪ್ಪನಿಗೆ ಕೊಟ್ಟು, ದಡದ ಕಲ್ಲುಮಂಟಪದಲ್ಲಿ ಕುಳಿತು ಪುರಾಣ ಓದುತ್ತಿದ್ದ. ಓದುತ್ತಿದ್ದ ಎಂದರೆ ರಾಗ ಹಿಡಿದು ಹೇಳುತ್ತಿದ್ದ. ಅವನಿಗೆ ಅಕ್ಷರ ಬರುತ್ತಿರಲಿಲ್ಲ, ಪದ್ಯಗಳೆಲ್ಲ ಅವನ ಅಜ್ಜನ ಬಾಯಿಂದ ಬಂದವು. ನಾನು ಮಾತು ಕಲಿತದ್ದೇ ಆ ಷಟ್ಪದಿಗಳಿಂದ. ಮೂರನೆಯ ಸಾಲು ಉದ್ದಕ್ಕೆ ಎಳೆದು ನಿಲ್ಲುತ್ತದಲ್ಲ, ಅಲ್ಲಿ ಹುಟ್ಟನ್ನು ನೀರಿನಿಂದೆತ್ತಬೇಕು, ಆರನೆಯದಕ್ಕೆ ಇನ್ನೊಮ್ಮೆ. ಇಂದಿಗೂ ನಾನು ಹಾಗೆಯೇ ಹೊಳೆ ದಾಟಿಸುವುದು. ಒಮ್ಮೆ ಅಜ್ಜ ಕಾಡಿಗೆ ಅಟ್ಟಿಸಿಕೊಂಡ ರಾಣಿಯ ಕಥೆ ಹೇಳುತ್ತಿದ್ದ. ಮಂಟಪದ ತುಂಬ ಹೆಂಗಸರು, ಎಲ್ಲರ ಕಣ್ಣಲ್ಲೂ ನೀರು. ಮುಗಿದ ಮೇಲೆ ಎದ್ದರೆ ಎಲ್ಲರೂ ಬಂದದ್ದಕ್ಕಿಂತ ಹಗುರ. ನನಗೆ ಸೋಜಿಗವಾಯಿತು. "ಅಜ್ಜಾ, ಆಕಿ ದುಃಖ ಇಷ್ಟು ಮಂದಿ ಕೇಳಿದರಲ್ಲ, ಯಾರಿಗೂ ಯಾಕ ಭಾರ ಆಗಲಿಲ್ಲ?" ಅಜ್ಜ ಎಲೆಗೆ ಸುಣ್ಣ ಸವರುತ್ತ ಹೇಳಿದ: "ಅದು ಎಲ್ಲಾರದೂ ಆಗಿ ಎಷ್ಟು ಕಾಲ ಆತು ಕೂಸ. ಎಲ್ಲಾರೂ ಒಂದೊಂದು ಚೂರು ಹೊತ್ತರ ಯಾರಿಗೂ ಗೊತ್ತs ಆಗಂಗಿಲ್ಲ."

ಕನ್ನಡಕದ ಆ ಹೊಸಬಳು ಬಂದಿಳಿದದ್ದು ಅದೇ ಮಂಟಪದಲ್ಲಿ. ಹೆಸರು ಅಂಬುಜಾಕ್ಷಿ. ಓದಿದ ಹೆಂಗಸನ್ನು ನಮ್ಮಲ್ಲಿ ಬಾಯಾರು ಎನ್ನುವುದು, ಹಾಗಾಗಿ ಮೊದಲ ದಿನದಿಂದಲೇ ಅಂಬುಜಾಕ್ಷಿ ಬಾಯಾರು. ದೂರದ ವಿಶ್ವವಿದ್ಯಾಲಯದವರು. ಹೆಂಗಸರ ಮೈಯಲ್ಲಿ ರಕ್ತ ಯಾಕೆ ಕಡಿಮೆಯಾಗುತ್ತದೆ ಎಂದು ನೋಡಿ ದೊಡ್ಡ ಪದವಿ ಪಡೆಯಲು ಬಂದಿದ್ದರು. ಕಣ್ಣ ರೆಪ್ಪೆ ಕೆಳಗೆಳೆದು ಒಳಗಿನ ಕೆಂಪು ನೋಡುವರು, ಉಗುರು ನೋಡುವರು, ಎತ್ತರ ಅಳೆಯುವರು, ಕೊನೆಗೆ ತೂಕ. ಅಲ್ಲಿಗೆ ಬಂದು ಎಲ್ಲ ನಿಲ್ಲುವುದು. ತೋಳು ಕೋಲಿನಂತಿದ್ದ ಹೆಂಗಸು ಯಂತ್ರದ ಮೇಲೆ ನಿಂತರೆ ಮುಳ್ಳು ಎಮ್ಮೆಯ ತೂಕ ತೋರಿಸುವುದು. ಬಾಯಾರು ಯಂತ್ರವನ್ನು ರಿಪೇರಿಗೆ ಕಳಿಸಿದರು. ಏನೂ ದೋಷವಿಲ್ಲ ಎಂದು ಅದು ಮರಳಿ ಬಂತು. ಅವರ ದೊಡ್ಡ ಪ್ರೊಫೆಸರರು ಹೇಳಿಕಳಿಸಿದರಂತೆ, ಒಂದೋ ತಕ್ಕಡಿ ಕೆಟ್ಟಿದೆ, ಇಲ್ಲ ನಿನ್ನ ತಲೆ ಕೆಟ್ಟಿದೆ, ಯಾವುದೆಂದು ತಿಳಿದುಕೊಂಡು ಬಾ ಎಂದು. ಬಾಯಾರು ಅದನ್ನು ನಮ್ಮ ಅವ್ವನ ಮುಂದೆ ಹೇಳಿಕೊಂಡು ನಕ್ಕರು. ಅವ್ವ ಅವರಿಗೆ ರೊಟ್ಟಿ ಕೊಡಲು ಮಂಟಪಕ್ಕೆ ಹೋಗಿದ್ದಳು.

ಅವ್ವ, ಸಂಕವ್ವ, ಊರಿನಲ್ಲೇ ಭಾರದ ಹೆಂಗಸು. ಅವಳು ಅಂಗಳ ದಾಟಿದರೆ ಮಣ್ಣಿನಲ್ಲಿ ಹೆಜ್ಜೆ ಕುಳಿಯಾಗಿ ಉಳಿಯುತ್ತಿತ್ತು, ಮಳೆ ಬಂದರೆ ಅದರಲ್ಲಿ ಗುಬ್ಬಿಗಳು ಮೀಯುತ್ತಿದ್ದವು. ಅಪ್ಪ ಅವಳನ್ನು ಹರಿಗೋಲಿಗೆ ಹತ್ತಿಸಿದ್ದೇ ಇಲ್ಲ. ಅವಳು ತವರನ್ನು ನೋಡದೆ ನನ್ನ ವಯಸ್ಸಿನಷ್ಟೇ ಕಾಲವಾಗಿತ್ತು. ಅಂದು ಅವಳು ಕೂಡ ಯಂತ್ರದ ಮೇಲೆ ನಿಂತಳು. ಮುಳ್ಳು ಕೊನೆಯ ಅಂಕಿಗೆ ಹೋಗಿ ಬಡಿದು ನಡುಗುತ್ತ ನಿಂತಿತು. ಬಾಯಾರು ಅದನ್ನು ಬರೆದುಕೊಳ್ಳಲಿಲ್ಲ. ಪೆನ್ನು ಕೆಳಗಿಟ್ಟು, "ಏನಾಗಿದೆ ನಿಮಗೆ? ಮೊದಲಿಂದ ಹೇಳಿ" ಎಂದರು.

ನಾನು ಕಂಬದ ಹಿಂದಿದ್ದೆ. ಅವ್ವ ಯಂತ್ರದಿಂದ ಇಳಿದು ಕುಳಿತಳು. ಆಮೇಲೆ ಹೇಳಿದಳು, "ಕೇಳಿದರ ನಿಮಗ ಬರತೈತ್ರಿ ಬಾಯಾರ. ನೀವು ಹೊರಗಿನವರು, ಗೊತ್ತಿರಲಿಕ್ಕಿಲ್ಲ. ಅದಕ್ಕ ಮೊದಲs ಹೇಳತೀನಿ."

"ಬರಲಿ. ಕೇಳೋದಕ್ಕೇ ಅಲ್ವಾ ನಾನು ಬಂದಿರೋದು."

"ಹಂಗಲ್ರಿ. ಖರೇನ ಬರತೈತಿ."

"ಬರಲಿ ಅಂದೆನಲ್ಲ."

"ನಿಮ್ಮ ಕಡೆನs ಇರಬೇಕು. ಯಾರ ಮುಂದೂ ಬಿಚ್ಚಬಾರದು."

"ಬಿಚ್ಚೋದಿಲ್ಲ."

ಅವ್ವ ಕಂಬದ ಕಡೆ ತಿರುಗದೆಯೇ, "ಹೊಳಿಯವ್ವ, ಮನಿಗೆ ಹೋಗು" ಎಂದಳು. ನಾನು ಹೋದೆ. ಮಧ್ಯಾಹ್ನ ಕುಳಿತವರು ದೀಪ ಹಚ್ಚುವ ಹೊತ್ತಿಗೆ ಎದ್ದರು. ಅವ್ವ ಮನೆಗೆ ಬಂದದ್ದು ನನಗೆ ತಿಳಿಯಲೇ ಇಲ್ಲ, ಹೆಜ್ಜೆಯ ಸದ್ದೇ ಇರಲಿಲ್ಲ. ಹಿಂದೆ ನಿಂತು ನನ್ನ ಜಡೆ ಹಿಡಿದಳು. ಬಾಗಿಲಾಚೆ ಒದ್ದೆ ಮರಳಿನಲ್ಲಿ ಹಕ್ಕಿ ನಡೆದಂಥ ಗುರುತು. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತ ಹಾಡಿಕೊಂಡಳು. ಅವಳಿಗೆ ಹಾಡು ಬರುತ್ತದೆಂದು ಅಪ್ಪನಿಗೂ ಗೊತ್ತಿರಲಿಲ್ಲ. ಅವಳ ಹಿಟ್ಟಿನ ಕೈ ನೋಡುತ್ತ ಬಾಗಿಲಲ್ಲೇ ನಿಂತುಬಿಟ್ಟ. ಮರುದಿನ ಅಪ್ಪ ಬಾಯಾರನ್ನು ಆಚೆ ದಡಕ್ಕೆ ದಾಟಿಸಿ ಬಂದು, ಬೆವರು ಒರೆಸಿಕೊಂಡು, "ಆ ತಾಯಿ ಬರುವಾಗ ಹತ್ತಿ ಇದ್ದಂಗಿದ್ದಳು" ಎಂದಷ್ಟೇ ಹೇಳಿದ. ನಾನು ಅವ್ವನ ಸೆರಗು ಹಿಡಿದು ಕಾಡಿದೆ, "ಅವ್ವ, ಏನ ಹೇಳಿದಿ? ನನಗೂ ಹೇಳು." ಅವ್ವ ನನ್ನ ಗಲ್ಲಕ್ಕೆ ಹಿಟ್ಟು ಮೆತ್ತಿದಳು. "ನಿನಗ ಹೇಳಿದರ ನಿನಗ ಬರತೈತಿ ಮಗಳ. ಆಕಿ ಹೊರತಾಳ."

ಬಾಯಾರು ಇನ್ನು ಬರುವುದಿಲ್ಲ ಎಂದೇ ಊರು ತಿಳಿದಿತ್ತು. ಆದರೆ ಮರುವರ್ಷ ಬಂದರು, ಅದರ ಮರುವರ್ಷವೂ. ಸುಗ್ಗಿ ಮುಗಿದು ಹೊಳೆ ಇಳಿದ ದಿನಗಳಲ್ಲಿ, ಅದೇ ಯಂತ್ರ, ಅದೇ ಮಂಟಪ, ಅದೇ ಹೆಂಗಸರು. ಒಬ್ಬಳನ್ನೂ ಬಿಡುತ್ತಿರಲಿಲ್ಲ. ಬಾಳವ್ವ ಹೊಲದಲ್ಲಿದ್ದರೆ ಹೊಲಕ್ಕೆ, ಹುಸೇನಬಿ ಮಗಳ ಬಾಣಂತನಕ್ಕೆ ಬೇರೆ ಕೇರಿಗೆ ಹೋಗಿದ್ದರೆ ಆ ಕೇರಿಗೆ. "ಹೋದ ವರ್ಷ ನೋಡಿದ್ದೀರಲ್ರಿ, ನಾನೇನು ಹೊಸಾಕಿ ಆಗೀನೇನು?" ಎಂದು ಹುಸೇನಬಿ ರೇಗಿಸಿದರೆ, "ಹೊಸಬಳೇ. ಒಂದು ವರ್ಷ ಹೊಸದು" ಎನ್ನುವರು. ಒಮ್ಮೆ ನೋಡಿ ಬರೆದು ಮುಗಿಸುವವರನ್ನು ನಾವು ಕಂಡಿದ್ದೆವು. ಜನಗಣತಿಯವರು ಬರುತ್ತಿದ್ದರು, ಓಟಿನವರು ಬರುತ್ತಿದ್ದರು. ಒಬ್ಬ ಹೆಣ್ಣು ದೊಡ್ಡವಳಾಗುವುದನ್ನು, ಹೆರುವುದನ್ನು, ಹೆತ್ತದ್ದನ್ನು ಕಳೆದುಕೊಳ್ಳುವುದನ್ನು, ಮುಟ್ಟು ನಿಂತು ಮೈ ಬೆಂಕಿಯಾಗಿ ಚಳಿಗಾಲದಲ್ಲೂ ಸೆರಗಿನಿಂದ ಗಾಳಿ ಬೀಸಿಕೊಳ್ಳುವುದನ್ನು ವರ್ಷ ವರ್ಷವೂ ಬಂದು ಕುಳಿತು ಕೇಳಿದವರು ಇವರೊಬ್ಬರೇ. ಹಾಗೆ ಕೇಳಿ ತಿಳಿದದ್ದೆಷ್ಟು! ಹೆತ್ತ ಮೂರನೆಯ ದಿನಕ್ಕೇ ನೀರು ಹೊತ್ತು ಗರ್ಭಕೋಶ ಜಾರಿದವರು, ಅದನ್ನು ಬಟ್ಟೆಯಿಂದ ಬಿಗಿದುಕೊಂಡು ಇಡೀ ಜೀವಮಾನ ಕಳೆ ಕಿತ್ತವರು ಓಣಿಗೊಬ್ಬರು ಇದ್ದರಂತೆ. ಅಕ್ಕಪಕ್ಕದ ಮನೆಯವರಿಗೆ ಒಬ್ಬರದು ಒಬ್ಬರಿಗೆ ಗೊತ್ತಿರಲಿಲ್ಲ. ಇದನ್ನು ಬಾಯಾರು ಹೆಸರಿಲ್ಲದೆ ಹೇಳುತ್ತಿದ್ದರು, "ಓಣಿಗೊಬ್ಬರು" ಎಂದಷ್ಟೇ. ಕೇಳಿದವರು ತಮ್ಮ ಓಣಿಯಲ್ಲಿ ಆ ಒಬ್ಬಳು ತಾನೇ ಎಂದುಕೊಂಡು ತಲೆ ತಗ್ಗಿಸುವರು. ಪಕ್ಕದವಳೂ ತಗ್ಗಿಸಿದ್ದನ್ನು ಕಂಡು ಮೆಲ್ಲನೆ ಎತ್ತುವರು.

ಅವರಿಗೆ ಪದವಿ ಬಂತು, ಕೆಲಸ ಬಂತು, ತಲೆಯಲ್ಲಿ ಒಂದೊಂದೇ ಬಿಳಿ ಕೂದಲೂ ಬಂತು. ನಮ್ಮ ಮಾತು ಅವರ ಬಾಯಿಗೆ ಹತ್ತಿತು. ಆಚೆ ದಡದಲ್ಲಿ ದೊಡ್ಡ ಆಸ್ಪತ್ರೆ ಆದದ್ದು, ಅಲ್ಲಿ ಹೆಣ್ಣು ಡಾಕ್ಟರು ಕೂರುವಂತಾದದ್ದು ಅವರು ಎಲ್ಲೆಲ್ಲೋ ಓಡಾಡಿ, ಯಾರ ಯಾರ ಮೇಜಿನ ಮುಂದೆಯೋ ನಿಂತು ಜಗಳವಾಡಿದ್ದರಿಂದ. ವಿದ್ಯಾರ್ಥಿನಿಯರನ್ನು ಕರೆತರುತ್ತಿದ್ದರು. ಆ ಹುಡುಗಿಯರು ಎತ್ತರ ಅಳೆಯುವರು, ರಕ್ತ ತೆಗೆಯುವರು, ತೂಕ ನೋಡುವರು. "ಏನಾಗೇತಿ, ಮೊದಲಿಂದ ಹೇಳು" ಎಂಬ ಮಾತನ್ನು ಮಾತ್ರ ಆಡಕೂಡದು. ಅದಕ್ಕೆ ಬಾಯಾರೇ ಬರಬೇಕು. ಒಬ್ಬ ಹುಡುಗಿ ಕೇಳಹೊರಟಾಗ ಅವಳ ಬಾಯಿಗೆ ಕೈ ಅಡ್ಡ ಇಟ್ಟದ್ದನ್ನು ನಾನು ನೋಡಿದ್ದೇನೆ. "ನೀ ಇನ್ನೂ ಬಹಳ ದಾರಿ ನಡೀಬೇಕಾಗೇತಿ" ಎಂದರು.

ಒಂದು ವರ್ಷ ಚಾವಡಿಯ ಗೋಡೆಯ ಮೇಲೆ ಅವರು ಸುಣ್ಣದಿಂದ ಒಂದು ಗೆರೆ ಎಳೆದರು. ಊರ ಹೆಂಗಸರೆಲ್ಲರ ತೂಕ ಸೇರಿ ಆದ ಗೆರೆ ಅದು, ಹುಟ್ಟಿನಿಂದ ಮುಪ್ಪಿನವರೆಗೆ. ಎಡಕ್ಕೆ ನೆಲದಲ್ಲೇ ಹರಿದಾಡಿ, ಮದುವೆಯ ವಯಸ್ಸು ಬರುತ್ತಲೇ ಎದ್ದು, ಏರಿ ಏರಿ, ನಡುವಯಸ್ಸಿಗೆ ಶಿಖರವಾಗಿ ನಿಂತು, ಬಲಕ್ಕೆ ಸ್ವಲ್ಪವೇ ಇಳಿದಿತ್ತು. "ಬಾಯಾರು ಗುಡ್ಡ ಬರದಾರ, ಇನ್ನು ಗುಡಿ ಒಂದು ಬರದರ ಮುಗೀತು" ಎಂದು ಗಂಡಸರು ನಕ್ಕರು. ಬಾಯಾರು ತಿರುಗಿ ನಿಂತು, ಗೆರೆ ಏಳುವ ಜಾಗ ತೋರಿಸಿ ಹೇಳಿದರು: "ಈ ಭಾರ ಹೆಣ್ಣಿನ ಜೋಡಿ ಹುಟ್ಟಿದ್ದಲ್ಲ. ಇಲ್ಲಿಂದ ಸುರು ಆಗೇತಿ ನೋಡ್ರಿ." ನಗು ನಿಂತಿತು. ಬಾಳವ್ವ ಜನರ ನಡುವೆ ದಾರಿ ಮಾಡಿಕೊಂಡು ಬಂದು, ಗೋಡೆಗೆ ಮುಖವಿಟ್ಟು ನೋಡಿ, ಗುಡ್ಡದ ನೆತ್ತಿಯ ಮೇಲೆ ಬೆರಳಿಟ್ಟಳು. "ನಾ ಇಲ್ಲಿದ್ದೀನಿ" ಎಂದಳು. ಆಮೇಲೆ ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲ ಹೆಂಗಸರೂ ಬಂದು ತಾವಿರುವ ಜಾಗ ಮುಟ್ಟಿದರು. ಅಜ್ಜ ಬದುಕಿದ್ದರೆ ಅದನ್ನು ಕಾವ್ಯವೆಂದೇ ಕರೆಯುತ್ತಿದ್ದ. ಅಷ್ಟೊಂದು ಹೆಂಗಸರ ಕಥೆ ಒಂದೇ ಗೆರೆಯಲ್ಲಿ, ಯಾರ ಹೆಸರೂ ಇಲ್ಲದೆ, ಎಲ್ಲರದೂ ಆಗಿ. ಅಂದು ಮನೆಗೆ ಹೋದವರೆಲ್ಲ ಒಂದಿಷ್ಟು ಹಗುರವಾಗಿದ್ದರು. ಮರುದಿನ ಅವರನ್ನು ಹೊಳೆ ದಾಟಿಸಿದ ನನ್ನ ತೋಳೇ ಅದನ್ನು ಬಲ್ಲದು, ಅಷ್ಟು ಹೊತ್ತಿಗೆ ಅಪ್ಪ ತೀರಿಕೊಂಡು ಹುಟ್ಟು ನನ್ನ ಕೈಗೆ ಬಂದಿತ್ತು.

ಆದರೆ ಬಾಯಾರು ಹಗುರಾಗಲಿಲ್ಲ. ನೋಡಲು ಕಡ್ಡಿ, ಸೀರೆ ಮೈಮೇಲೆ ನಿಲ್ಲುತ್ತಿರಲಿಲ್ಲ. ವರ್ಷ ಹೋದಂತೆ ಅವರೊಬ್ಬರನ್ನೇ ಕೂರಿಸಿಕೊಂಡು ದಾಟಿಸಬೇಕಾಯಿತು. ಮಂಟಪದಲ್ಲಿ ಹಗ್ಗದ ಮಂಚ ಹರಿದು, ಕಲ್ಲಿನ ಮೇಲೆ ಮಲಗುವುದು ರೂಢಿಯಾಯಿತು. ಒಮ್ಮೆ ನಾನು, "ಬಾಯಾರ, ಗೋಡಿ ಮ್ಯಾಲೆ ಬರದಂಗ ಉಳದದ್ದೂ ಬರದುಬಿಡ್ರಿ. ಪದ್ಯ ಕಟ್ಟಿದರೂ ಸೈ, ನಾ ಹಾಡತೀನಿ. ಎಲ್ಲಾರೂ ಚೂರು ಚೂರು ಹೊರಲಿ" ಎಂದೆ. ಅವರು ತೊಡೆಯ ಮೇಲೆ ಕೈ ಮಡಚಿಟ್ಟು ಯೋಚಿಸಿದರು. "ಹೆಸರಿಲ್ಲದ್ದು ಎಲ್ಲಾರದು, ಅದನ್ನ ಬರದೀನಿ. ಹೆಸರಿದ್ದದ್ದು ಅವರದು" ಎಂದರು. ಅವರು ನಿವೃತ್ತರಾಗಿ ಬಂದ ವರ್ಷ ಹೊಳೆಯ ನಡುವೆ ಹರಿಗೋಲು ಬಾಯಿಯ ಮಟ್ಟಕ್ಕೆ ಮುಳುಗಿತು. ಹೇಗೋ ನಮ್ಮ ದಡ ಮುಟ್ಟಿಸಿದೆ. ಇನ್ನು ತಿರುಗಿ ಹೋಗುವಂತಿಲ್ಲ ಎಂಬುದು ಅವರಿಗೂ ತಿಳಿಯಿತು, ನನಗೂ. ಮಂಟಪದ ಪಕ್ಕದ ಕಲ್ಲುಮನೆಯಲ್ಲಿ ಇದ್ದುಬಿಟ್ಟರು. ಅವ್ವ ಅದಕ್ಕೂ ಬಹಳ ಮೊದಲೇ ಹೋಗಿದ್ದಳು, ಹಗುರವಾಗಿ, ನಿದ್ದೆಯಲ್ಲಿ. ಹೆಣ ಹೊತ್ತವರು, ಬರಿ ಹೂವಷ್ಟೇ ಇದ್ದಂಗಿತ್ತು ಎಂದರು. ನನಗೆ ಬೇಕಾದದ್ದು ಒಂದೇ ಒಂದು ಆ ಕಲ್ಲುಮನೆಯಲ್ಲಿತ್ತು. ಅವ್ವ ಆ ಮಧ್ಯಾಹ್ನ ಹೇಳಿದ್ದು. ನಾನು ಹಾಲು ಕೊಡಲು ಹೋಗುವೆ, ಕೂರುವೆ, ಬಾಯಿಗೆ ಬಂದದ್ದನ್ನು ನುಂಗಿ ಎದ್ದು ಬರುವೆ. ಬಾಯಾರಿಗೆ ತಿಳಿಯುತ್ತಿತ್ತು. ಅವ್ವನ ಹೆಸರೆತ್ತದೆ, "ಹಾಲು ಚಲೋ ಐತಿ" ಎನ್ನುವರು.

ಈ ಸಲ ಹೊಳೆ ತುಂಬಿದ ಕಾಲದಲ್ಲಿ ಒಂದು ಮುಂಜಾನೆ ಹೋದರೆ ಅವರು ಬಟ್ಟೆ ಒಗೆಯುತ್ತ ಕುಳಿತಿದ್ದರು. ಬೋಗುಣಿಯ ನೀರು ಕೆಂಪಗಿತ್ತು. ನನ್ನನ್ನು ಕಂಡು ಸೆರಗು ಅಡ್ಡ ಮಾಡಿದರು. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಂಡರೆ ಒಂದು ದಿನವೂ ತಡೆಯಬೇಡಿ, ಹೊಳೆ ದಾಟಿ ಆಸ್ಪತ್ರೆಗೆ ಹೋಗಿ ಎಂದು ಮಂಟಪದಲ್ಲಿ ನಮಗೆಲ್ಲ ಹೇಳಿ ಹೇಳಿ ಕಿವಿ ತೂತು ಮಾಡಿದವರು ಅವರೇ. ನಾನು ಹಾಲಿನ ತಂಬಿಗೆ ಕೆಳಗಿಟ್ಟೆ. ಅಷ್ಟು ವರ್ಷ ಅವರು ನಮ್ಮನ್ನು ಕೇಳಿದ್ದರು; ಅವರನ್ನು ಯಾರೂ ಕೇಳಿರಲಿಲ್ಲ. ಎದುರು ಕುಳಿತು ಕೇಳಿದೆ, "ಏನಾಗೇತ್ರಿ ಬಾಯಾರ? ಮೊದಲಿಂದ ಹೇಳ್ರಿ."

ಅವರು ನನ್ನನ್ನು ನೋಡಿದರು. "ನಿನಗ ಬರತೈತಿ, ಹೊಳಿಯವ್ವ."

"ಬರಲಿ."

"ನಂದು ನಾ ಹೇಳಬಹುದು" ಎಂದು ತಮಗೆ ತಾವೇ ಅಪ್ಪಣೆ ಕೊಟ್ಟುಕೊಂಡ ಹಾಗೆ ಹೇಳಿ, ತಮ್ಮದನ್ನು ಹೇಳಿದರು. ತಮ್ಮದನ್ನು ಮಾತ್ರ. ಅದು ನನ್ನ ಹತ್ತಿರವೇ ಇದೆ, ಇಲ್ಲಿ ಬರೆಯುವುದಿಲ್ಲ. ಏಳುವಾಗ ನನ್ನ ಮೊಣಕಾಲು ಸದ್ದು ಮಾಡಿತು. ಒಬ್ಬ ಹೆಂಗಸಿನದನ್ನಷ್ಟೇ ಪಡೆದು ನನಗೆ ಹೀಗಾದರೆ, ಇಡೀ ಊರಿನದನ್ನು ಹೊತ್ತು ಇವರು ಹೇಗೆ ದಿನಾ ಎದ್ದು ಮುಖ ತೊಳೆಯುತ್ತಿದ್ದರು ಎಂದು ನೆನೆದೆ. ದೇವರ ಮುಂದೆ ನಿಂತಾಗಲೂ ನನಗೆ ಅಷ್ಟು ಭಯ, ಅಷ್ಟು ಭಕ್ತಿ ಒಟ್ಟಿಗೆ ಬಂದದ್ದಿಲ್ಲ.

ಸುದ್ದಿ ಊರಿಗೆ ಹೇಳಿದವಳು ನಾನೇ. ಏನು ರೋಗ ಎಂದು ಹೇಳಲಿಲ್ಲ, ಬಾಯಾರು ಹೊಳೆ ದಾಟಲೇಬೇಕು ಎಂದೆ. ಮರುದಿನ ಬೆಳಗ್ಗೆ ದಡದ ತುಂಬ ಹೆಂಗಸರು. ಬಾಳವ್ವ ಈಗ ಹಣ್ಣು ಮುದುಕಿ, ಮೊಮ್ಮಗಳ ಹೆಗಲು ಹಿಡಿದು ಬಂದಳು. ಹುಸೇನಬಿ ಸೊಸೆಯಂದಿರ ಜೊತೆ ಬಂದಳು. ಬಾಯಾರು ಕಲ್ಲುಮನೆಯ ಬಾಗಿಲಲ್ಲಿ ನಿಂತಿದ್ದರು.

"ನಮ್ಮದು ನಮಗ ಕೊಡ್ರಿ ಬಾಯಾರ" ಎಂದಳು ಬಾಳವ್ವ.

"ಯಾಕ ಬೇಕು ಈಗ ಅದೆಲ್ಲ? ಇಷ್ಟು ದಿನ ಹಗುರ ಇದ್ದೀರಿ."

"ಹಗುರ ಇದ್ದದ್ದಕ್ಕs ಕಾಲಾಗ ಶಕ್ತಿ ಬಂದೈತಿ. ಕೊಡ್ರಿ, ಹೊರತೀವಿ. ನಿಮ್ಮ ಅಪ್ಪನ ಮನಿ ಆಸ್ತಿ ಏನಲ್ಲ ಅದು!"

ಬಾಯಾರು ನಕ್ಕರು. ಹೇಳಿದವಳಿಗೇ ತಿರುಗಿ ಹೇಳಿದರೆ ಮಾತು ಮುರಿದಂತಲ್ಲ ಎಂದು ಅವರಿಗೆ ಹೊಳೆದದ್ದನ್ನು ನಾನು ಅವರ ಮುಖದಲ್ಲಿ ಕಂಡೆ. ಒಬ್ಬೊಬ್ಬರನ್ನೇ ಹತ್ತಿರ ಕರೆದು, ಕಿವಿಗೆ ಬಾಯಿ ಇಟ್ಟು, ಆಯಾ ಹೆಂಗಸು ಹರೆಯದಲ್ಲಿ ಹೇಳಿದ್ದನ್ನು ಹೇಳಿದಂತೆಯೇ ಹೇಳತೊಡಗಿದರು. ಒಂದು ಮಾತೂ ತಪ್ಪಲಿಲ್ಲವಂತೆ. ಅಳು ಬಂದು ಹೇಳಿದವಳು ಎಲ್ಲಿ ಮಾತು ನಿಲ್ಲಿಸಿದ್ದಳೋ ಅಲ್ಲೇ ನಿಲ್ಲಿಸುತ್ತಿದ್ದರಂತೆ. ಅಜ್ಜನ ಬಾಯಲ್ಲಿ ಪುರಾಣ ಇದ್ದ ಹಾಗೆ ಅವರ ಬಾಯಲ್ಲಿ ಈ ಊರ ಹೆಂಗಸರಿದ್ದರು. ಹುಸೇನಬಿ ತನ್ನದನ್ನು ಕೇಳಿ ಸೊಂಟದ ಮೇಲೆ ಕೈಯಿಟ್ಟು, "ಇಷ್ಟಕ್ಕs ಅತ್ತಿದ್ನೇನ್ರಿ ನಾ? ಹುಚ್ಚಿ ಇದ್ದೆ ಬಿಡ್ರಿ" ಎಂದಳು. ಅವಳು ಕೊಟ್ಟದ್ದು ಬಂಡೆಯಾದರೂ ಮರಳಿ ಬಂದದ್ದು ಬೆಣಚುಕಲ್ಲಷ್ಟೇ. ಎಲ್ಲರದೂ ಹಾಗಾಗಲಿಲ್ಲ. ಒಬ್ಬಾಕೆ ಪಾದ ಮುಳುಗುವಷ್ಟು ಮರಳಿಗಿಳಿದಳು. ಅವಳ ಗಂಡ ದೂರದಲ್ಲಿ ಟವೆಲ್ಲು ಕಿವಿಗೆ ಹಿಡಿದೇ ನಿಂತಿದ್ದವನು, ಅದನ್ನು ಇಳಿಸಿ, ಹೆಗಲ ಮೇಲೆ ಹಾಕಿಕೊಂಡು, ಹೋಗಿ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ. ಬಾಳವ್ವ ತನ್ನದನ್ನು ಕೇಳಿ, ಬಾಯಾರ ಕೆನ್ನೆ ಸವರಿ, ಮೊಮ್ಮಗಳ ಹೆಗಲು ಬಿಟ್ಟು, ತಾನೇ ನಡೆದು ಹೋದಳು.

ಬಿಸಿಲು ನೆತ್ತಿಗೆ ಬರುವಾಗ ಬಾಯಾರು ಹರಿಗೋಲಿಗೆ ಕಾಲಿಟ್ಟರು. ನಾನು ಉಸಿರು ಹಿಡಿದು ನೋಡಿದೆ. ಇಳಿಯಿತು, ಇಳಿಯಿತು, ಅಂಚು ನೀರಿಗಿಂತ ನಾಲ್ಕು ಬೆರಳು ಮೇಲಿರುವಾಗ ನಿಂತಿತು. ಬದುಕಿದ್ದವರದೆಲ್ಲ ಕೊಟ್ಟಾಗಿತ್ತು. ಉಳಿದಿದ್ದುದು ಸತ್ತವರದು. ದಡದಿಂದ ಯಾರೋ, "ತೀರಿಹೋದವರದನ್ನ ಅವರ ಮಕ್ಕಳಿಗಾದರೂ ಕೊಟ್ಟು ಹೋಗ್ರಿ" ಎಂದು ಕೂಗಿದರು. ಬಾಯಾರು, "ಇಷ್ಟು ಹರಿಗೋಲು ಹಿಡಿತೈತಿ" ಎಂದು ನನ್ನ ಕಡೆ ತಿರುಗಿದರು. ನಾನು ಹುಟ್ಟು ಹಾಕಿದೆ.

ತುಂಬಿದ ಹೊಳೆ. ಮನಸ್ಸಿನಲ್ಲೇ ಷಟ್ಪದಿ ಹಿಡಿದು, ಮೂರನೆಯ ಸಾಲಿಗೆ ಹುಟ್ಟೆತ್ತುತ್ತ, ಆರನೆಯದಕ್ಕೆ ಎತ್ತುತ್ತ, ನಡುನೀರಿಗೆ ಬಂದೆವು. ಅಲ್ಲಿ ಗಾಳಿ ಎದ್ದಿತು. ಅಲೆ ಅಂಚಿಗೆ ಬಡಿದು ಒಂದೊಂದು ಬೊಗಸೆ ಒಳಗೆ ಬರತೊಡಗಿತು. ಬಾಯಾರು ಹಾಲಿನ ತಂಬಿಗೆಯಿಂದ ಅದನ್ನು ಮೊಗೆದು ಹೊರಗೆ ಚೆಲ್ಲುತ್ತಿದ್ದರು, ಅಡುಗೆಮನೆಯ ಕೆಲಸ ಮಾಡುವಷ್ಟು ಸಮಾಧಾನದಿಂದ. ಆಚೆ ದಡದಲ್ಲಿ ಆಸ್ಪತ್ರೆಯ ಬಿಳಿ ಗೋಡೆ ಕಾಣುತ್ತಿತ್ತು. ಅವರ ವಿದ್ಯಾರ್ಥಿನಿಯೊಬ್ಬಳು ಅಲ್ಲಿ ಈಗ ಡಾಕ್ಟರು, ಅವಳೇ ಹೊಟ್ಟೆ ಕೊಯ್ಯುವವಳು. ಅಲ್ಲಿಂದ ಇವರು ತಿರುಗಿ ಬರುವರೋ ಇಲ್ಲವೋ. ಬರದಿದ್ದರೆ ಅವ್ವನ ಆ ಮಧ್ಯಾಹ್ನ ಈ ಲೋಕದಲ್ಲಿ ಎಲ್ಲೂ ಇರುವುದಿಲ್ಲ. ನನ್ನ ಕೈ ತಾನಾಗಿ ನಿಂತಿತು. ಹರಿಗೋಲು ಒಂದು ಸುತ್ತು ತಿರುಗಿತು.

"ಬಾಯಾರ, ನಮ್ಮವ್ವನದು ನನಗ ಕೊಡ್ರಿ."

ಹರಿಗೋಲಿನೊಳಗೆ ಹೇಳಿದರೆ ಭಾರ ಅವರಿಂದ ನನಗೆ ಬರುತ್ತದೆಯೇ ಹೊರತು ಹರಿಗೋಲಿಗೆ ಕಡಿಮೆಯಾಗುವುದೇನೂ ಇಲ್ಲ. ಅದು ಅಂಬಿಗರ ಮಗಳಿಗೆ ಗೊತ್ತಿಲ್ಲದ್ದಲ್ಲ. ನಾನು ಕೇಳಿದ್ದು ಹರಿಗೋಲಿಗಾಗಿ ಅಲ್ಲ.

"ಆಕಿ ಸತ್ತಾಳ್ರಿ. ಆಕಿಗೆ ತಿರುಗಿ ಹೇಳಾಕ ನಿಮಗೂ ಬರಂಗಿಲ್ಲ. ಆಕಿ ಹೊಟ್ಯಾಗ ಹುಟ್ಟಿದಾಕಿ ನಾ. ನಿಮ್ಮದು ಕೇಳಲಿಲ್ಲೇನು, ಹೊರಲಿಲ್ಲೇನು? ಇದೂ ಹೊರತೀನಿ. ನೀವು ತಿರುಗಿ ಬರದಿದ್ದರ ಯಾರನ್ನ ಕೇಳಲಿ ನಾ? ಒಂದs ಒಂದು ಮಾತಿನಾಗ ಹೇಳ್ರಿ, ಸಾಕು."

ಬಾಯಾರು ತಂಬಿಗೆ ಕೆಳಗಿಟ್ಟರು. ಕನ್ನಡಕದ ಮೇಲೆ ನೀರು ಸಿಡಿದಿತ್ತು, ಅದನ್ನು ತೆಗೆದು ಸೆರಗಿನಿಂದ ಒರೆಸಿದರು. ಕನ್ನಡಕವಿಲ್ಲದ ಆ ಕಣ್ಣನ್ನು ನಾನು ಅದೇ ಮೊದಲು ಕಂಡದ್ದು. ಅದರ ಆಳದಲ್ಲಿ ಎಲ್ಲೋ ನನ್ನ ಅವ್ವ ಇನ್ನೂ ಹರೆಯದವಳಾಗಿ ಕುಳಿತು ಮಾತಾಡುತ್ತಿದ್ದಳು, ಬಾಯಾರು ಇನ್ನೂ ಕೇಳುತ್ತಿದ್ದರು. ನನಗೆ ಹಾಗೆ ಕಂಡಿತು. ಹುಟ್ಟು ಹಿಡಿದ ಕೈಯಲ್ಲೇ ನಾನು ಕೈಮುಗಿದೆ. ಅಂಚಿನ ಮೇಲೊಂದು ಅಲೆ ದಾಟಿ ಬಂದು ಇಬ್ಬರ ಪಾದವನ್ನೂ ತೋಯಿಸಿತು.

"ನಿನಗ ಬರಬಾರದು ಅಂತs ಆಕಿ ನನಗ ಕೊಟ್ಟಾಳ" ಎಂದರು ಅಂಬುಜಾಕ್ಷಿ ಬಾಯಾರು. "ಕೊಡಂಗಿಲ್ಲ. ಹುಟ್ಟು ಹಾಕು."